ಟರ್ಬೈನ್ ತಿನ್ನುವ ಮರಳು, ಸುಟ್ಟು ಹೋಗುವ ಟಿಸಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎರಡು ವಿಷಯದ ಸುತ್ತ ಇವೆ. ಒಂದು, ಯಂತ್ರದ ಭಾಗಗಳು ಸವೆಯದಂತೆ ಮೇಲೆ ಹಾಕುವ ಕೋಟಿಂಗ್. ಇನ್ನೊಂದು, ಕರೆಂಟಿನ ಜಾಲವನ್ನು ಹಗಲು ರಾತ್ರಿ ಕಾಯುವ ಕೆಲಸ. ಕರೆಂಟು ಹುಟ್ಟುವ ಜಾಗದಿಂದ ಹೊಲದ ಟಿಸಿ (ಅಂದರೆ ಟ್ರಾನ್ಸ್‌ಫಾರ್ಮರ್), ಮೋಟರಿನ ತನಕ ನೋಡುತ್ತಾ ಹೋದರೆ ಎರಡೂ ಒಟ್ಟಿಗೇ ಎದುರಾಗುತ್ತವೆ. ಹಾಗಾಗಿ ಎಲ್ಲವನ್ನೂ ಒಂದೇ ಕಂತಿನಲ್ಲಿ ತೆಗೆದುಕೊಂಡಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ.

ಪ್ರಶ್ನೆ: ನಮ್ಮ ಶರಾವತಿಯ ಟರ್ಬೈನುಗಳು ಹತ್ತಾರು ವರ್ಷದಿಂದ ತಿರುಗುತ್ತಿವೆ. ಹಿಮಾಚಲದಲ್ಲಿ ಮಾತ್ರ ಒಂದೊಂದು ಮಳೆಗಾಲಕ್ಕೇ ಟರ್ಬೈನ್ ಸವೆದು ಹೋಗುತ್ತದೆ ಅಂತ ಓದಿದೆ. ನೀರು ಎಲ್ಲಾ ಕಡೆ ನೀರೇ ಅಲ್ವಾ? (ಕಾಲೇಜು ವಿದ್ಯಾರ್ಥಿನಿ, ಸಾಗರ)

ಸವೆಸುವುದು ನೀರಲ್ಲ, ನೀರಿನಲ್ಲಿರುವ ಮರಳು. ಶರಾವತಿಯ ನೀರು ಲಿಂಗನಮಕ್ಕಿಯಂಥ ದೊಡ್ಡ ಜಲಾಶಯದಲ್ಲಿ ನಿಂತು, ಆಮೇಲೆ ತಲಕಳಲೆಯಲ್ಲಿ ಮತ್ತೊಮ್ಮೆ ನಿಂತು ಪೈಪಿಗೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಮರಳು, ಮಣ್ಣು ತಳ ಸೇರಿರುತ್ತದೆ. ಸುತ್ತ ಕಾಡಿರುವುದರಿಂದ ಬರುವ ಮಣ್ಣೂ ಕಡಿಮೆ. ಹಿಮಾಲಯದ ಕಥೆಯೇ ಬೇರೆ. ಅಲ್ಲಿನ ಬೆಟ್ಟಗಳು ಇನ್ನೂ ಏಳುತ್ತಿವೆ, ಕುಸಿಯುತ್ತಿವೆ, ನದಿಗಳು ಕಡಿದಾಗಿ ಇಳಿಯುತ್ತವೆ, ಮೇಲಾಗಿ ಅಲ್ಲಿನ ಹೆಚ್ಚಿನ ಯೋಜನೆಗಳಲ್ಲಿ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವ ದೊಡ್ಡ ಅಣೆಕಟ್ಟು ಇಲ್ಲ, ಹರಿಯುವ ನೀರನ್ನೇ ತಿರುಗಿಸಿ ಸುರಂಗಕ್ಕೆ ಬಿಡುತ್ತಾರೆ.

ಸಟ್ಲೆಜ್ ನದಿಯ ಮೇಲಿನ ನಾಥ್ಪಾ ಝಾಕ್ರಿ ಇದಕ್ಕೆ ಒಳ್ಳೆಯ ಉದಾಹರಣೆ. 250 ಮೆಗಾವ್ಯಾಟಿನ ಆರು ಘಟಕ, ಒಟ್ಟು 1500 ಮೆಗಾವ್ಯಾಟ್. ನೀರು 27 ಕಿ.ಮೀ. ಉದ್ದದ ಸುರಂಗದಲ್ಲಿ ಹರಿದು, ನಾನೂರು ಮೀಟರಿಗೂ ಮೇಲಿನಿಂದ ಟರ್ಬೈನಿಗೆ ಬರುತ್ತದೆ. ಸುರಂಗಕ್ಕೆ ಮೊದಲೇ ನೆಲದೊಳಗೆ ಅರ್ಧ ಕಿಲೋಮೀಟರಿಗೂ ಉದ್ದದ ಹೂಳು ತೆಗೆಯುವ ಕೋಣೆಗಳನ್ನು ಕಟ್ಟಿದ್ದಾರೆ. ಆದರೆ ಆ ಕೋಣೆಗಳು ತಡೆಯುವುದು 0.2 ಎಂಎಂಗಿಂತ ದಪ್ಪ ಕಣಗಳನ್ನು. ಅದಕ್ಕಿಂತ ಸಣ್ಣವು ದಾಟಿಕೊಂಡು ಹೋಗುತ್ತವೆ. ಸಣ್ಣವಾದರೇನು, ಅವುಗಳಲ್ಲಿ ಬಹಳಷ್ಟು ಕ್ವಾರ್ಟ್ಜ್. ಗಡಸುತನದ ಮೋಸ್ ಅಳತೆಯಲ್ಲಿ ಕ್ವಾರ್ಟ್ಜ್ 7ರಲ್ಲಿದೆ. ಟರ್ಬೈನಿಗೆ ಬಳಸುವ, ಶೇ. 13ರಷ್ಟು ಕ್ರೋಮಿಯಂ ಮತ್ತು ಶೇ. 4ರಷ್ಟು ನಿಕಲ್ ಇರುವ ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತ ಮೆತ್ತಗೆ.

ಇನ್ನು ವೇಗ. ನಾನೂರು ಮೀಟರ್ ಎತ್ತರದಿಂದ ಬೀಳುವ ನೀರು ಸೆಕೆಂಡಿಗೆ ಸುಮಾರು 88 ಮೀಟರ್ ವೇಗ ಪಡೆಯಬಲ್ಲದು, ಅಂದರೆ ಗಂಟೆಗೆ 300 ಕಿ.ಮೀ.ಗೂ ಜಾಸ್ತಿ. ಸವೆತ ವೇಗಕ್ಕೆ ತಕ್ಕಂತೆ ನೇರವಾಗಿ ಏರುವುದಿಲ್ಲ, ಸುಮಾರಾಗಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಸವೆತ ಎಂಟು ಪಟ್ಟು. ಹಾಗಾಗಿ ತಗ್ಗಿನ ಅಣೆಕಟ್ಟಿನಲ್ಲಿ ಏನೂ ಮಾಡದ ಮರಳು ಎತ್ತರದ ಯೋಜನೆಯಲ್ಲಿ ಗೈಡ್ ವೇನುಗಳ (ಟರ್ಬೈನಿಗೆ ನೀರನ್ನು ತಿರುಗಿಸಿ ಕೊಡುವ ರೆಕ್ಕೆಗಳು) ಅಂಚನ್ನು, ರನ್ನರಿನ (ಟರ್ಬೈನಿನ ತಿರುಗುವ ಚಕ್ರ) ತುದಿಯನ್ನು ತೆಳ್ಳಗೆ ಮಾಡಿ, ತೂತು ಹಾಕಿಬಿಡುತ್ತದೆ. ನೀರಿನಲ್ಲಿ ಹೂಳು ಒಂದು ಮಿತಿ ದಾಟಿದ ದಿನ ಇಂಥ ಕಡೆ ಘಟಕವನ್ನೇ ನಿಲ್ಲಿಸುತ್ತಾರೆ. ಅದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಒಂದೆರಡು ದಿನದ ಕರೆಂಟಿನ ಆಸೆಗೆ ಇಡೀ ರನ್ನರ್ ಕಳೆದುಕೊಂಡರೆ ನಷ್ಟ ಎಷ್ಟೋ ಪಾಲು ಜಾಸ್ತಿ.

ಪ್ರಶ್ನೆ: ಹಾಗಾದರೆ ಕೋಟಿಂಗ್ ಹಾಕುತ್ತಾರೆ ಅಂತಾರಲ್ಲ, ಅದು ಪೇಂಟಿನ ಥರವೇ? ಎಚ್‌ವಿಒಎಫ್ ಅಂದರೆ ಏನು? ಡಿಪ್ಲೊಮಾ ಮಾಡಿದವರಿಗೆ ಇದರಲ್ಲಿ ಕೆಲಸ ಇದೆಯಾ? (ಡಿಪ್ಲೊಮಾ ವಿದ್ಯಾರ್ಥಿ, ಭದ್ರಾವತಿ, ಇದೇ ಪ್ರಶ್ನೆ ಹೊಸಪೇಟೆಯಿಂದಲೂ ಬಂದಿದೆ)

ಪೇಂಟಿಗೂ ಇದಕ್ಕೂ ಸಂಬಂಧ ಇಲ್ಲ. ಎಚ್‌ವಿಒಎಫ್ ಅಂದರೆ ಹೈ ವೆಲಾಸಿಟಿ ಆಕ್ಸಿ-ಫ್ಯೂಯೆಲ್, ಉರಿಯ ವೇಗದಿಂದ ಪುಡಿ ಎರಚುವ ವಿಧಾನ. ಆಮ್ಲಜನಕದ ಜೊತೆ ಸೀಮೆಎಣ್ಣೆಯನ್ನೋ ಪ್ರೊಪೇನನ್ನೋ ಒಂದು ಗನ್ನಿನ ಒಳಗೆ ಹೆಚ್ಚು ಒತ್ತಡದಲ್ಲಿ ಉರಿಸುತ್ತಾರೆ. ಉರಿದ ಗ್ಯಾಸ್ ಶಬ್ದಕ್ಕಿಂತ ಜಾಸ್ತಿ ವೇಗದಲ್ಲಿ ಗನ್ನಿನ ಬಾಯಿಂದ ಹೊರಗೆ ನುಗ್ಗುತ್ತದೆ. ಅದರೊಳಗೆ ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಬಿಡುತ್ತಾರೆ. ಪುಡಿಯ ಕಣ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್ ದಪ್ಪ. ಕಾರ್ಬೈಡ್ ಕಣಗಳನ್ನು ಹಿಡಿದುಕೊಳ್ಳಲು ಅದರಲ್ಲಿ ಶೇ. 10ರಷ್ಟು ಕೋಬಾಲ್ಟ್, ಶೇ. 4ರಷ್ಟು ಕ್ರೋಮಿಯಂ ಇರುತ್ತದೆ. ಕಣಗಳು ಅರ್ಧಂಬರ್ಧ ಮೆತ್ತಗಾಗಿ, ಬಂದೂಕಿನ ಗುಂಡಿನ ವೇಗದಲ್ಲಿ ಹೋಗಿ ಸ್ಟೀಲಿಗೆ ಬಡಿದು, ಚಪ್ಪಟೆಯಾಗಿ, ಒಂದರ ಮೇಲೊಂದು ಕೂರುತ್ತವೆ. ಹೀಗೆ ಪದರ ಪದರವಾಗಿ 0.2ರಿಂದ 0.3 ಎಂಎಂ ದಪ್ಪ ಬರುವ ತನಕ ಮಾಡುತ್ತಾರೆ.

ಇಲ್ಲಿನ ಗುಟ್ಟು ಏನೆಂದರೆ, ಶಾಖ ಜಾಸ್ತಿಯಾದರೆ ಕೆಲಸ ಕೆಡುತ್ತದೆ. ಟಂಗ್‌ಸ್ಟನ್ ಕಾರ್ಬೈಡನ್ನು ವಿಪರೀತ ಕಾಯಿಸಿದರೆ ಅದರಲ್ಲಿರುವ ಕಾರ್ಬನ್ ಸ್ವಲ್ಪ ಉರಿದು ಹೋಗಿ, ಗಡಸಾದರೂ ಪಟಕ್ಕನೆ ಒಡೆಯುವ ವಸ್ತು ಉಳಿಯುತ್ತದೆ. ಹಳೆಯ ಪ್ಲಾಸ್ಮಾ ಸ್ಪ್ರೇಯಲ್ಲಿ ಇದೇ ತೊಂದರೆ. ಎಚ್‌ವಿಒಎಫ್‌ನಲ್ಲಿ ಶಾಖ ಕಡಿಮೆ, ವೇಗ ಜಾಸ್ತಿ. ಆದ್ದರಿಂದಲೇ ತೂತುಗಳು ಶೇ. 1ಕ್ಕಿಂತ ಕಡಿಮೆ ಇರುವಷ್ಟು ಒತ್ತೊತ್ತಾದ ಪದರ ಸಿಗುತ್ತದೆ. ಅದರ ಗಡಸುತನ ವಿಕರ್ಸ್ ಅಳತೆಯಲ್ಲಿ 1100ರ ಆಸುಪಾಸು ಅಥವಾ ಮೇಲೆ. ಕೆಳಗಿನ ಸ್ಟೀಲಿನದು 300ರ ಹತ್ತಿರ. ವ್ಯತ್ಯಾಸ ನೋಡಿ!

ನಮ್ಮ ದೇಶದಲ್ಲಿ ಇದರ ಅಣ್ಣನಂಥ ಇನ್ನೊಂದು ವಿಧಾನವೂ ಬೆಳೆದಿದೆ, ಡೆಟೊನೇಶನ್ ಸ್ಪ್ರೇ. ಗ್ಯಾಸನ್ನು ಒಂದೇ ಸಮನೆ ಉರಿಸದೆ, ಸೆಕೆಂಡಿಗೆ ಕೆಲವು ಸಲ ಸಿಡಿಸುತ್ತಾರೆ. ಪ್ರತಿ ಸಿಡಿತಕ್ಕೂ ಒಂದಿಷ್ಟು ಪುಡಿ ಹೋಗಿ ಕೂರುತ್ತದೆ. ಹೈದರಾಬಾದಿನ ಎಆರ್‌ಸಿಐ ಸಂಸ್ಥೆ ಉಕ್ರೇನಿನವರ ಜೊತೆ ಸೇರಿ ಇದನ್ನು ಇಲ್ಲಿಗೆ ತಂದು, ಕಲಿತು, ಖಾಸಗಿ ಕಂಪನಿಗಳಿಗೂ ಕೊಟ್ಟಿತು. ಸಂಶೋಧನೆ ಪ್ರಯೋಗಾಲಯದಿಂದ ವರ್ಕ್‌ಶಾಪಿಗೆ ಇಳಿಯಬೇಕಾದದ್ದು ಹೀಗೆಯೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಕೆಲಸದ ವಿಷಯ: ಹೌದು, ಇದೆ. ಕೋಟಿಂಗ್ ನಿಲ್ಲುವುದು ಬೀಳುವುದು ಬಹುಪಾಲು ಮೇಲ್ಮೈ ತಯಾರಿಯ ಮೇಲೆ. ಎಣ್ಣೆ ಜಿಡ್ಡು ತೆಗೆದು, ಅಲ್ಯೂಮಿನಾ ಪುಡಿಯಿಂದ ಬ್ಲಾಸ್ಟ್ ಮಾಡಿ ಮೇಲ್ಮೈಯನ್ನು ಒರಟು ಮಾಡಬೇಕು. ಒರಟು ಮಾಡಿದ ಮೇಲೆ ತಡ ಮಾಡುವಂತಿಲ್ಲ. ಗನ್ನಿನ ದೂರ, ಕೋನ, ರೋಬೋಟಿನ ವೇಗ ಎಲ್ಲಾ ನೋಡಿಕೊಳ್ಳಬೇಕು. ಆಮೇಲೆ ಡೈಮಂಡ್ ಚಕ್ರದಲ್ಲಿ ಗ್ರೈಂಡಿಂಗ್. ಇದೆಲ್ಲಾ ಕೈಗೆ ಕೆಲಸ ಗೊತ್ತಿರುವವರ ಕೆಲಸ. ಒಂದು ಮಾತು ಮಾತ್ರ ಮರೆಯಬೇಡಿ: ಗನ್ನಿನ ಸದ್ದು 120 ಡೆಸಿಬಲ್ ದಾಟುತ್ತದೆ, ಕೋಬಾಲ್ಟ್ ಇರುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಚ್ಚಿದ ಬೂತು, ಧೂಳು ಎಳೆಯುವ ವ್ಯವಸ್ಥೆ, ಕಿವಿಗೆ ರಕ್ಷಣೆ ಇಲ್ಲದ ಜಾಗದಲ್ಲಿ ಸಂಬಳ ಎಷ್ಟೇ ಕೊಟ್ಟರೂ ಸೇರಬೇಡಿ.

ಪ್ರಶ್ನೆ: ಇಷ್ಟೆಲ್ಲಾ ಖರ್ಚು ಯಾಕೆ, ಹಾರ್ಡ್ ಕ್ರೋಮ್ ಪ್ಲೇಟಿಂಗ್ ಮಾಡಿಸಿದರೆ ಸಾಲದೇ? (ವರ್ಕ್‌ಶಾಪ್ ಮಾಲೀಕರು, ಪೀಣ್ಯ)

ಹೈಡ್ರಾಲಿಕ್ ರಾಡಿಗೆ, ಅಚ್ಚುಗಳಿಗೆ ಕ್ರೋಮ್ ಇನ್ನೂ ನಡೆಯುತ್ತಿದೆ. ಆದರೆ ಮರಳು ನೀರಿನ ಹೊಡೆತಕ್ಕೆ ಅದು ಕಾರ್ಬೈಡಿನಷ್ಟು ತಡೆಯುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಪ್ಲೇಟಿಂಗ್ ತೊಟ್ಟಿಯಲ್ಲಿರುವ ಆರನೇ ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ವಿಮಾನದ ಚಕ್ರದ ಕಾಲುಗಳಿಗೇ ಈಗ ಎಷ್ಟೋ ಕಡೆ ಕ್ರೋಮ್ ಬದಲು ಎಚ್‌ವಿಒಎಫ್ ಕೋಟಿಂಗ್ ಬಂದಿದೆ. ನಿಮ್ಮ ತೊಟ್ಟಿಯ ನೀರು ಎಲ್ಲಿಗೆ ಹೋಗುತ್ತಿದೆ ಅನ್ನುವುದನ್ನು ದಯವಿಟ್ಟು ಮೊದಲು ನೋಡಿ.

ಪ್ರಶ್ನೆ: ಕೋಟಿಂಗ್ ಹಾಕಿದ ಮೇಲೂ ಟರ್ಬೈನ್ ಹಾಳಾಗುತ್ತದೆ ಅಂದರೆ ಆ ದುಡ್ಡು ದಂಡ ತಾನೇ? (ನಿವೃತ್ತ ಶಿಕ್ಷಕರು, ಧಾರವಾಡ)

ದಂಡ ಅಲ್ಲ ಸರ್. ಕೋಟಿಂಗ್ ಕೊಡುವುದು ಹೆಚ್ಚಿನ ಆಯಸ್ಸು. ಒಂದು ಮಳೆಗಾಲ ಬಾಳುತ್ತಿದ್ದದ್ದು ಇನ್ನೂ ಕೆಲವು ಮಳೆಗಾಲ ಬಾಳಿದರೆ, ಘಟಕ ನಿಲ್ಲಿಸುವ ದಿನಗಳು ಉಳಿದವು, ವೆಲ್ಡಿಂಗ್ ಮಾಡಿ ಮಾಡಿ ಬ್ಲೇಡಿನ ಆಕಾರ ಕೆಡುವುದು ತಪ್ಪಿತು. ಆದರೆ ಕೋಟಿಂಗ್ ಸೋಲುವ ಜಾಗಗಳು ಇವೆ, ಅವನ್ನು ತಿಳಿದಿರಬೇಕು.

ಮೊದಲನೆಯದು, ಫ್ರಾನ್ಸಿಸ್ ಅನ್ನುವ ಮಾದರಿಯ ಟರ್ಬೈನಿನ ರನ್ನರಿನ ಒಳಗೆ ಬ್ಲೇಡುಗಳ ನಡುವಿನ ಸಂದು ಇಕ್ಕಟ್ಟು. ಗನ್ ಹೆಚ್ಚುಕಮ್ಮಿ ಒಂದಡಿ ದೂರದಿಂದ, ಆದಷ್ಟು ನೇರವಾಗಿ ಹೊಡೆಯಬೇಕು. ಅಷ್ಟು ಜಾಗ ಒಳಗೆ ಸಿಗುವುದಿಲ್ಲ. ಹಾಗಾಗಿ ನೀರು ಒಳಬರುವ ತುದಿ, ಹೊರಹೋಗುವ ತುದಿಗೆ ಚೆನ್ನಾಗಿ ಹತ್ತುತ್ತದೆ, ನಡುವೆ ಕಷ್ಟ. ಎರಡನೆಯದು, ಸ್ಟೀಲಿನಂಥ ಬಾಗುವ ಲೋಹ ಓರೆಯಾಗಿ ಬರುವ ಮರಳಿಗೆ ಜಾಸ್ತಿ ಸವೆಯುತ್ತದೆ, ಕೋಟಿಂಗಿನಂಥ ಗಡಸು ವಸ್ತು ನೆಟ್ಟಗೆ ಬಡಿಯುವ ಹೊಡೆತಕ್ಕೆ ಜಾಸ್ತಿ ಒಡೆಯುತ್ತದೆ. ಗಡಸು ಇದ್ದಷ್ಟೂ ಒಳ್ಳೆಯದು ಅಂದುಕೊಂಡು ಎಲ್ಲಾ ಕಡೆ ಒಂದೇ ಪುಡಿ ಹೊಡೆದರೆ ಆಗುವುದಿಲ್ಲ. ಮೂರನೆಯದು ಕ್ಯಾವಿಟೇಶನ್. ನೀರಿನಲ್ಲಿ ಗುಳ್ಳೆಗಳು ಹುಟ್ಟಿ ಬ್ಲೇಡಿನ ಮೇಲೆ ಒಡೆಯುವಾಗ ಕೊಡುವ ಪೆಟ್ಟು. ಅದಕ್ಕೆ ಕೋಟಿಂಗ್ ಮದ್ದಲ್ಲ, ಬ್ಲೇಡಿನ ಆಕಾರ ಸರಿ ಮಾಡಬೇಕು, ಟರ್ಬೈನನ್ನು ತೀರಾ ಕಡಿಮೆ ಲೋಡಿನಲ್ಲಿ ಓಡಿಸುವುದನ್ನು ಬಿಡಬೇಕು.

ಇನ್ನೊಂದು ಅಂಶವೂ ಇದೆ. ಪದರ ಒಂದು ಕಡೆ ತೂತು ಬಿದ್ದರೆ ಮರಳು ಕೆಳಗಿನ ಮೆತ್ತನೆ ಸ್ಟೀಲನ್ನು ಕೊರೆಯುತ್ತಾ ಹೋಗುತ್ತದೆ, ಮೇಲಿನ ಕೋಟಿಂಗ್ ಸುಮ್ನೆ ತೇಲಿಕೊಂಡು ನಿಂತಿರುತ್ತದೆ, ಆಮೇಲೆ ಒಂದು ದಿನ ದೊಡ್ಡ ತುಂಡೇ ಕಿತ್ತು ಹೋಗುತ್ತದೆ. ಕೋಟಿಂಗ್ ಹಾಕಿದ ಮೇಲೆ ಗಮನ ಕಡಿಮೆ ಮಾಡಬಹುದು ಅನ್ನುವುದು ತಪ್ಪು. ಹೂಳಿನ ಪ್ರಮಾಣ, ಟರ್ಬೈನಿನ ಕಂಪನ, ಅಷ್ಟೇ ನೀರಿಗೆ ಎಷ್ಟು ಕರೆಂಟ್ ಬರುತ್ತಿದೆ ಅನ್ನುವ ಲೆಕ್ಕ, ಈ ಮೂರನ್ನೂ ಬಿಡದೆ ಬರೆದಿಡಬೇಕು.

ಪ್ರಶ್ನೆ: ಥರ್ಮಲ್ ಪ್ಲಾಂಟಿನಲ್ಲಿ ‘ಟ್ಯೂಬ್ ಲೀಕ್ ಆಗಿ ಘಟಕ ಸ್ಥಗಿತ’ ಅಂತ ಪೇಪರಿನಲ್ಲಿ ಆಗಾಗ ಬರುತ್ತದೆ. ಒಂದು ಪೈಪು ಸೋರಿದರೆ ಇಡೀ ಘಟಕ ಯಾಕೆ ನಿಲ್ಲಿಸಬೇಕು? (ಗೃಹಿಣಿ, ರಾಯಚೂರು)

ಥರ್ಮಲ್ ಪ್ಲಾಂಟ್ ಇರುವ ಶಕ್ತಿನಗರದ ಪಕ್ಕದಲ್ಲೇ ಇರುವವರು ಕೇಳಬೇಕಾದ ಪ್ರಶ್ನೆಯೇ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಸಾಮಾನ್ಯವಾಗಿ ಶೇ. 30ರಿಂದ 45ರಷ್ಟು. ಕಲ್ಲಿದ್ದಲನ್ನು ನುಣ್ಣಗೆ ಅರೆದು ಉರಿಸಿದ ಮೇಲೆ ಆ ಬೂದಿ ಬಿಸಿ ಗ್ಯಾಸಿನ ಜೊತೆ ಟ್ಯೂಬುಗಳ ಮಧ್ಯೆ ಹಾರುತ್ತದೆ. ಅದರಲ್ಲೂ ಕ್ವಾರ್ಟ್ಜ್ ಇದೆ. ಎಕನಾಮೈಸರ್ (ಹೊರಹೋಗುವ ಬಿಸಿ ಗ್ಯಾಸಿನಿಂದ ಬಾಯ್ಲರಿನ ನೀರನ್ನು ಕಾಯಿಸುವ ಭಾಗ) ಬೆಂಡುಗಳಲ್ಲಿ, ಗೋಡೆಯ ಪಕ್ಕದ ಸಂದುಗಳಲ್ಲಿ ಗ್ಯಾಸ್ ವೇಗ ಹೆಚ್ಚಾಗುವ ಕಡೆ ಟ್ಯೂಬಿನ ಗೋಡೆ ತೆಳ್ಳಗಾಗುತ್ತಾ ಬರುತ್ತದೆ. ಟ್ಯೂಬಿನ ಒಳಗೆ ವಾಯುಭಾರದ 100 ಪಟ್ಟಿಗೂ ಮೇಲಿನ ಒತ್ತಡ. ತೂತಾದ ಟ್ಯೂಬಿನಿಂದ ಹೊರಬರುವ ಹಬೆ ಪಕ್ಕದ ಟ್ಯೂಬನ್ನು ಕೊಯ್ದುಬಿಡುತ್ತದೆ. ಅದು ಅದರ ಪಕ್ಕದ್ದನ್ನು. ಅರ್ಧ ದಿನ ತಡ ಮಾಡಿದರೆ ಒಂದು ಟ್ಯೂಬಿನ ರಿಪೇರಿ ಹತ್ತಾರು ಟ್ಯೂಬಿನ ರಿಪೇರಿ ಆಗಬಹುದು. ಅದಕ್ಕೇ ನಿಲ್ಲಿಸುತ್ತಾರೆ.

ಇಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಕೆಲಸಕ್ಕೆ ಬರುವುದು ಸುಮಾರು 500 ಡಿಗ್ರಿ ತನಕ. ಅದಕ್ಕಿಂತ ಬಿಸಿ ಜಾಗಕ್ಕೆ ನಿಕಲ್-ಕ್ರೋಮಿಯಂ ಜೊತೆ ಕ್ರೋಮಿಯಂ ಕಾರ್ಬೈಡ್ ಸೇರಿಸಿದ ಕೋಟಿಂಗ್ ಬೇಕು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಬಾಯ್ಲರ್ ಸ್ಟೀಲಿನ ಮೇಲೆ ಇಂಥ ಕೋಟಿಂಗ್ ಹಾಕಿ, ಬಿಸಿಯಲ್ಲಿ ಸವೆತ ಮತ್ತು ತುಕ್ಕು ಅಳೆಯುವ ಕೆಲಸ ಸಾಕಷ್ಟು ನಡೆದಿದೆ. ಸೋರಿಕೆ ಶುರುವಾಗುವಾಗಲೇ ಹಿಡಿಯಲು ಬಾಯ್ಲರಿಗೆ ಕಿವಿಯನ್ನೂ ಇಡುತ್ತಾರೆ, ಹಬೆ ಸೋರುವ ಸದ್ದನ್ನು ಉರಿಯ ಸದ್ದಿನಿಂದ ಬೇರೆ ಮಾಡಿ ಕೇಳುವ ಸೆನ್ಸರುಗಳು ಅವು.

ಪ್ರಶ್ನೆ: ಇಷ್ಟು ದೊಡ್ಡ ದೇಶದ ಕರೆಂಟಿನಲ್ಲಿ ಎಲ್ಲಿ ಏನಾಗುತ್ತಿದೆ ಅಂತ ಬೆಂಗಳೂರಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗುತ್ತದೆ? 2012ರ ಥರದ ಕತ್ತಲೆ ಮತ್ತೆ ಆಗಬಹುದೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ)

2012ರ ಜುಲೈ 30ರ ನಸುಕಿನಲ್ಲಿ ಉತ್ತರದ ಗ್ರಿಡ್ ಬಿತ್ತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಒಟ್ಟಿಗೆ ಬಿದ್ದವು. ಸುಮಾರು 60 ಕೋಟಿ ಜನ ಇರುವ ಪ್ರದೇಶ ಅದು. ಶುರುವಾದದ್ದು ಮಧ್ಯಪ್ರದೇಶದ ಬೀನಾ-ಗ್ವಾಲಿಯರ್ 400 ಕೆವಿ ಲೈನಿನಲ್ಲಿ. ಅಲ್ಲಿ ಫಾಲ್ಟ್ ಆಗಿರಲಿಲ್ಲ. ಲೋಡು ವಿಪರೀತ ಏರಿ, ವೋಲ್ಟೇಜ್ ಇಳಿದಾಗ ರಿಲೇಗೆ (ತೊಂದರೆ ಕಂಡರೆ ಲೈನ್ ಕಡಿಸುವ ಸಾಧನ) ಅದು ದೂರದ ಫಾಲ್ಟಿನಂತೆ ಕಂಡು ಲೈನ್ ಟ್ರಿಪ್ ಆಯಿತು. ಆ ಭಾರ ಬೇರೆ ಲೈನುಗಳ ಮೇಲೆ ಬಿತ್ತು. ಅವೂ ಒಂದರ ಹಿಂದೆ ಒಂದು ಬಿದ್ದವು.

ದಕ್ಷಿಣದ ಗ್ರಿಡ್ ಆಗ ಬೀಳಲಿಲ್ಲ. ನಮ್ಮ ಗ್ರಿಡ್ ಉಳಿದ ದೇಶದ ಜೊತೆ ಡಿಸಿ ಮೂಲಕ ಮಾತ್ರ ಸೇರಿತ್ತು. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ ಬರುವ 500 ಕೆವಿ ಡಿಸಿ ಲೈನ್ ಅದರಲ್ಲಿ ಮುಖ್ಯವಾದದ್ದು. ಭದ್ರಾವತಿಯ ಡಿಸಿ ಸ್ಟೇಷನ್ ಅಂತ ಓದಿ ನಮ್ಮ ಭದ್ರಾವತಿ ಅಂದುಕೊಳ್ಳುವವರಿದ್ದಾರೆ, ಅದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯದು. ಡಿಸಿ ಕೊಂಡಿಯಲ್ಲಿ ಆ ಕಡೆಯ ಫ್ರೀಕ್ವೆನ್ಸಿ ಈ ಕಡೆಯನ್ನು ಎಳೆಯುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆದಾಗ ಇಡೀ ದೇಶ ಒಂದೇ ಎಸಿ ಗ್ರಿಡ್ ಆಯಿತು. ಈಗ ಬೀದರ್‌ನಲ್ಲೂ ಗುವಾಹಟಿಯಲ್ಲೂ ಫ್ರೀಕ್ವೆನ್ಸಿ ಒಂದೇ. 50 ಹರ್ಟ್ಜ್ ಸುತ್ತ, 49.90ರಿಂದ 50.05ರ ನಡುವೆ ಇಡಬೇಕು. ಲಾಭ ದೊಡ್ಡದು, ಜವಾಬ್ದಾರಿಯೂ ದೊಡ್ಡದು.

ಈಗ ಗಮನಿಸುವ ವಿಷಯ. ಹಳೆಯ ವ್ಯವಸ್ಥೆ ಸ್ಕಾಡಾ. ಅದು ಕೆಲವು ಸೆಕೆಂಡಿಗೊಮ್ಮೆ ಸಬ್‌ಸ್ಟೇಷನ್ನಿನ ಅಂಕಿ ತರುತ್ತದೆ. ದಿನನಿತ್ಯಕ್ಕೆ ಸಾಕು. ಆದರೆ ಗ್ರಿಡ್ ಕುಸಿಯುವುದು ಸೆಕೆಂಡುಗಳಲ್ಲಿ. ಎರಡು ಪ್ರದೇಶಗಳ ಜನರೇಟರುಗಳು ಒಂದಕ್ಕೊಂದು ತೂಗಾಡತೊಡಗಿದರೆ ಆ ಓಲಾಟ ಎರಡು ಮೂರು ಸೆಕೆಂಡಿಗೊಂದು ಸಲ ಇರಬಹುದು, ಸ್ಕಾಡಾಗೆ ಅದು ಕಾಣುವುದೇ ಇಲ್ಲ. ಅದಕ್ಕೆ ಬಂದದ್ದು ಪಿಎಂಯು (ಫೇಸರ್ ಮೆಷರ್‌ಮೆಂಟ್ ಯೂನಿಟ್) ಅನ್ನುವ ಸಾಧನ. 1988ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಅರುಣ್ ಫಡ್ಕೆ ಮತ್ತು ಜೇಮ್ಸ್ ಥೋರ್ಪ್ ಇದನ್ನು ಮಾಡಿದರು. ಫಡ್ಕೆಯವರು ನಮ್ಮ ಖರಗ್‌ಪುರ ಐಐಟಿಯಲ್ಲಿ ಓದಿದವರು. ಪಿಎಂಯು ವೋಲ್ಟೇಜು, ಕರೆಂಟಿನ ಜೊತೆಗೆ ಅವುಗಳ ಕೋನವನ್ನೂ (ಎಸಿ ಅಲೆ ಆ ಕ್ಷಣ ಯಾವ ಹಂತದಲ್ಲಿದೆ ಅನ್ನುವುದನ್ನು) ಸೆಕೆಂಡಿಗೆ 25 ಅಥವಾ 50 ಸಲ ಕಳಿಸುತ್ತದೆ. ಪ್ರತಿಯೊಂದರ ಮೇಲೂ ಜಿಪಿಎಸ್ ಸಮಯದ ಮುದ್ರೆ ಇರುತ್ತದೆ. ಸಮಯ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ 50 ಹರ್ಟ್ಜ್‌ನಲ್ಲಿ ಕೋನ ತಪ್ಪುವುದು ಬರೀ 0.018 ಡಿಗ್ರಿ. ಹಾಗಾಗಿ ರಾಯಚೂರಿನ ಕೋನವನ್ನೂ ಸೊಲ್ಲಾಪುರದ ಕೋನವನ್ನೂ ಒಂದೇ ಕ್ಷಣಕ್ಕೆ ಹೋಲಿಸಬಹುದು. ಎರಡರ ವ್ಯತ್ಯಾಸ ಹೆಚ್ಚುತ್ತಿದೆ ಅಂದರೆ ನಡುವಿನ ಲೈನುಗಳ ಮೇಲೆ ಒತ್ತಡ ಹೆಚ್ಚುತ್ತಿದೆ ಅಂತ ಅರ್ಥ. 2012ರಲ್ಲಿ ಉತ್ತರದಲ್ಲಿ ಬೆರಳೆಣಿಕೆಯ ಪಿಎಂಯುಗಳಿದ್ದವು. ಏನು ಯಾವ ಕ್ರಮದಲ್ಲಿ ಬಿತ್ತು ಅಂತ ಆಮೇಲೆ ಕಂಡುಹಿಡಿಯಲು ಅವೇ ಸಹಾಯ ಮಾಡಿದವು. ಈಗ ಕೇಂದ್ರ ಸರ್ಕಾರದ ಕಂಪನಿ ಪವರ್‌ಗ್ರಿಡ್ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಹಾಕಿದೆ. ದಕ್ಷಿಣದ ಐದು ರಾಜ್ಯಗಳ ಗ್ರಿಡ್ಡನ್ನು ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಸೆಂಟರ್ ಬೆಂಗಳೂರಿನಲ್ಲೇ ಇದೆ.

ಮತ್ತೆ ಆಗಬಹುದೇ? ಆಗಲಾರದು ಅಂತ ಯಾವ ಎಂಜಿನಿಯರೂ ಬರೆದುಕೊಡುವುದಿಲ್ಲ. ಈಗ ಹೊಸ ಸವಾಲೂ ಸೇರಿದೆ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2050 ಮೆಗಾವ್ಯಾಟ್. ಶರಾವತಿಯ ಭಾರವಾದ ಜನರೇಟರುಗಳು ತಿರುಗುವ ರಭಸದಲ್ಲೇ ಒಂದಿಷ್ಟು ಶಕ್ತಿ ಹಿಡಿದಿರುತ್ತವೆ, ಎಲ್ಲೋ ಒಂದು ಘಟಕ ಬಿದ್ದಾಗ ಫ್ರೀಕ್ವೆನ್ಸಿ ಧಡಕ್ಕನೆ ಇಳಿಯದಂತೆ ತಡೆಯುತ್ತವೆ. ಸೋಲಾರ್ ಪ್ಯಾನೆಲಿನಲ್ಲಿ ತಿರುಗುವುದು ಏನೂ ಇಲ್ಲ. ಅದರಿಂದ ಹಗಲಿನಲ್ಲಿ ಗ್ರಿಡ್ಡಿಗೆ ಪ್ರತಿಕ್ರಿಯಿಸಲು ಸಿಗುವ ಸಮಯ ಕಡಿಮೆಯಾಗುತ್ತಿದೆ. ಬೇಗ ನೋಡುವ ಕಣ್ಣು ಬೇಕಾಗಿರುವುದು ಇದಕ್ಕೇ.

ಪ್ರಶ್ನೆ: ಮಂಜು ಬಿದ್ದ ರಾತ್ರಿ ನಮ್ಮೂರಿನ ಹೈಟೆನ್ಷನ್ ಕಂಬದ ಇನ್ಸುಲೇಟರ್ ಚರಚರ ಅನ್ನುತ್ತದೆ, ನೀಲಿ ಬೆಳಕೂ ಕಾಣುತ್ತದೆ. ಅಪಾಯವೇ? (ಮೀನುಗಾರರು, ಪಣಂಬೂರು)

ಸಮುದ್ರದ ಉಪ್ಪು ಇನ್ಸುಲೇಟರ್ ಮೇಲೆ ಕೂತು, ಮಂಜಿಗೆ ಒದ್ದೆಯಾಗಿ, ಮೇಲ್ಮೈಯಲ್ಲಿ ಕರೆಂಟ್ ಸೋರುತ್ತದೆ. ಆ ಸೋರಿಕೆಯ ಬಿಸಿಗೆ ಅಲ್ಲಲ್ಲಿ ಒಣಗಿದ ಪಟ್ಟಿ ಆಗುತ್ತದೆ, ಅಲ್ಲಿ ಕಿಡಿ ಹಾರುತ್ತದೆ. ಮಿತಿ ಮೀರಿದರೆ ಪೂರ್ತಿ ಫ್ಲ್ಯಾಶ್‌ಓವರ್ ಆಗಿ, ಅಂದರೆ ಕಿಡಿ ಇನ್ಸುಲೇಟರಿನ ಈ ತುದಿಯಿಂದ ಆ ತುದಿಗೆ ಹಾರಿ, ಲೈನ್ ಟ್ರಿಪ್ ಆಗುತ್ತದೆ. ಕೆಳಗೆ ನಿಲ್ಲಬೇಡಿ, ಕಚೇರಿಗೆ ತಿಳಿಸಿ. ತೊಳೆಯುವುದು ಒಂದು ಪರಿಹಾರ. ಸಿಲಿಕೋನ್ ರಬ್ಬರಿನ ಕೋಟಿಂಗ್ ಇನ್ನೊಂದು. ಅದರ ಒಳಗಿನ ಸಿಲಿಕೋನ್ ಎಣ್ಣೆ ಮೇಲೆ ಕೂತ ಕೊಳೆಯ ಪದರಕ್ಕೂ ಹರಡಿ, ಕೊಳೆಯೇ ನೀರನ್ನು ಹನಿಹನಿಯಾಗಿ ದೂಡುವಂತೆ ಮಾಡುತ್ತದೆ. ನನಗೆ ತುಂಬಾ ಇಷ್ಟವಾದ ರಸಾಯನಶಾಸ್ತ್ರ ಇದು.

ಪ್ರಶ್ನೆ: ದೊಡ್ಡ ಟ್ರಾನ್ಸ್‌ಫಾರ್ಮರಿನ ಎಣ್ಣೆಯನ್ನು ಸಿರಿಂಜಿನಲ್ಲಿ ತೆಗೆದು ಕಳಿಸುತ್ತೇವೆ. ವರದಿಯಲ್ಲಿ ಗ್ಯಾಸುಗಳ ಪಟ್ಟಿ ಬರುತ್ತದೆ. ಅದನ್ನು ಓದುವುದು ಹೇಗೆ? (ಸಬ್‌ಸ್ಟೇಷನ್ ಆಪರೇಟರ್, ದಾವಣಗೆರೆ)

ಎಣ್ಣೆ, ಕಾಗದ ಎರಡೂ ಬಿಸಿಗೆ ಒಡೆಯುವಾಗ ಬೇರೆ ಬೇರೆ ಗ್ಯಾಸ್ ಬಿಡುತ್ತವೆ. ಹೈಡ್ರೋಜನ್ ಮಾತ್ರ ಏರಿದರೆ ಒಳಗೆ ಸಣ್ಣ ಡಿಸ್ಚಾರ್ಜ್ ಇರಬಹುದು. ಎಥಿಲೀನ್ ಜಾಸ್ತಿಯಾದರೆ ಎಲ್ಲೋ ಜಾಯಿಂಟು ಅಥವಾ ಲೋಹ ಚೆನ್ನಾಗಿ ಕಾಯುತ್ತಿದೆ. ಅಸಿಟಲೀನ್ ಕಂಡರೆ ಆರ್ಕಿಂಗ್ (ಒಳಗೆ ದೊಡ್ಡ ಕಿಡಿ ಹಾರುವುದು), ಅದನ್ನು ನಾಳೆಗೆ ಬಿಡಬೇಡಿ. ಕಾರ್ಬನ್ ಮೊನಾಕ್ಸೈಡ್ ಏರುತ್ತಿದ್ದರೆ ವೈಂಡಿಂಗಿನ ಕಾಗದ ಹಾಳಾಗುತ್ತಿದೆ. ಕಾಗದದ ಆಯಸ್ಸೇ ಟ್ರಾನ್ಸ್‌ಫಾರ್ಮರಿನ ಆಯಸ್ಸು, ಎಣ್ಣೆ ಬದಲಿಸಬಹುದು, ಕಾಗದ ಬದಲಿಸಲು ಆಗುವುದಿಲ್ಲ. ಒಂದು ವರದಿಯ ಅಂಕಿಗಿಂತ ಹಿಂದಿನ ವರದಿಗಿಂತ ಎಷ್ಟು ಏರಿತು ಅನ್ನುವುದು ಮುಖ್ಯ, ಹಳೆಯ ವರದಿ ಎಸೆಯಬೇಡಿ. ಸಿರಿಂಜಿನಲ್ಲಿ ಗಾಳಿಗುಳ್ಳೆ ಬಂದರೆ ಆ ಸ್ಯಾಂಪಲ್ ಬಿಟ್ಟು ಮತ್ತೊಂದು ತೆಗೆಯಿರಿ. ಇಂಥ ಪರೀಕ್ಷೆಗಳಿಗೆ ದೇಶಕ್ಕೇ ಹೆಸರಾದ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) 1960ರಿಂದ ನಮ್ಮ ಬೆಂಗಳೂರಿನಲ್ಲಿದೆ.

ಪ್ರಶ್ನೆ: ಪಿಎಚ್‌ಡಿಗೆ ಕೋಟಿಂಗ್ ವಿಷಯ ತೆಗೆದುಕೊಳ್ಳಬೇಕೆಂದಿದ್ದೇನೆ. ಆಗಲೇ ಸಾವಿರಾರು ಪೇಪರ್ ಇವೆ. ಹೊಸದೇನಾದರೂ ಉಳಿದಿದೆಯಾ? (ಉಪನ್ಯಾಸಕಿ, ಹಾಸನ)

ತುಂಬಾ ಉಳಿದಿದೆ ಮೇಡಂ. ಬಹಳಷ್ಟು ಪ್ರಯೋಗಗಳು ಗಾಳಿಯ ಜೆಟ್‌ನಲ್ಲಿ 50 ಮೈಕ್ರಾನಿನ ಅಲ್ಯೂಮಿನಾ ಪುಡಿ ಹೊಡೆದು ತೂಕ ಎಷ್ಟು ಇಳಿಯಿತು ಅಂತ ನೋಡುತ್ತವೆ. ಹೋಲಿಕೆಗೆ ಅದು ಬೇಕು. ಆದರೆ ನದಿಯ ಮರಳಿನ ಆಕಾರ, ಗಾತ್ರ, ನೀರಿನ ಹರಿವು, ಜೊತೆಗೆ ಕ್ಯಾವಿಟೇಶನ್ ಇವೆಲ್ಲಾ ಒಟ್ಟಿಗೆ ಸೇರಿದಾಗ ಪ್ರಯೋಗಾಲಯದ ರ‍್ಯಾಂಕಿಂಗ್ ತಲೆಕೆಳಗಾಗಬಹುದು. ನಿಜವಾದ ಪವರ್‌ಹೌಸಿನ ಹೂಳನ್ನೇ ತಂದು ಪರೀಕ್ಷೆ ಮಾಡಿ. ನೇಪಾಳದ ಕಾಠ್ಮಂಡು ವಿಶ್ವವಿದ್ಯಾಲಯದಲ್ಲಿ, ರೂರ್ಕಿ ಐಐಟಿಯಲ್ಲಿ ಈ ದಾರಿಯ ಕೆಲಸ ಇದೆ, ಅವರ ಜೊತೆ ಮಾತಾಡಿ. ಕಾರ್ಬೈಡ್ ಕಣಗಳನ್ನು ಹಿಡಿದುಕೊಳ್ಳಲು ಕೋಬಾಲ್ಟ್ ಇಲ್ಲದ ಬೈಂಡರ್, ಇಕ್ಕಟ್ಟಾದ ಜಾಗಕ್ಕೆ ಸಣ್ಣ ಗನ್, ಪವರ್‌ಹೌಸಿನಲ್ಲೇ ರಿಪೇರಿ ಮಾಡುವ ವಿಧಾನ, ಕೋಟಿಂಗ್ ತೂತಾದ ಕೂಡಲೇ ತಿಳಿಸುವ ಅಳತೆ, ಇವು ಯಾವುದೂ ಮುಗಿದ ವಿಷಯ ಅಲ್ಲ. ಪೇಪರಿನ ಎಣಿಕೆಗಿಂತ ಒಂದು ಪವರ್‌ಹೌಸಿನ ಮೆಂಟೆನೆನ್ಸ್ ಎಂಜಿನಿಯರ್ ನಿಮ್ಮ ಫಲಿತಾಂಶ ಬಳಸಿದರೆ ಅದರ ಬೆಲೆ ಜಾಸ್ತಿ.

ಪ್ರಶ್ನೆ: ಬೋರ್‌ವೆಲ್ಲಿನಲ್ಲಿ ಮರಳು ಬಂದು ಪಂಪು ಸವೆಯುತ್ತದೆ, ಕರೆಂಟಿನ ಕಾಟಕ್ಕೆ ಮೋಟರ್ ಸುಡುತ್ತದೆ, ಟಿಸಿಯೂ ಸುಡುತ್ತದೆ. ನಿಮ್ಮ ಕೋಟಿಂಗು, ನಿಮ್ಮ ಮಾನಿಟರಿಂಗು ನಮ್ಮ ಹೊಲಕ್ಕೆ ಯಾವಾಗ ಬರುತ್ತದೆ? (ರೈತರು, ಚಳ್ಳಕೆರೆ)

ಈ ಕಂತಿನಲ್ಲಿ ಬಂದ ಅತಿ ಮುಖ್ಯ ಪ್ರಶ್ನೆ ನಿಮ್ಮದೇ ಯಜಮಾನರೇ. ಒಂದೊಂದಾಗಿ ನೋಡೋಣ.

ಪಂಪಿನ ಇಂಪೆಲ್ಲರಿಗೆ ಕಾರ್ಬೈಡ್ ಕೋಟಿಂಗ್ ಹಾಕಿಸುವ ಖರ್ಚಿಗೆ ಹೊಸ ಪಂಪೇ ಬರಬಹುದು, ಅದು ಬೇಡ. ಮರಳಿನ ಬೋರಾದರೆ ಪಂಪನ್ನು ತಳದಿಂದ ಸಾಕಷ್ಟು ಮೇಲೆ ಇಳಿಸಿ, ಕೇಸಿಂಗಿನ ತೂತುಗಳ ನೇರಕ್ಕೆ ಇಡಬೇಡಿ. ಬೋರಿನ ಶಕ್ತಿಗಿಂತ ದೊಡ್ಡ ಪಂಪು ಹಾಕಿದರೆ ಮರಳು ಜಾಸ್ತಿ ಎಳೆಯುತ್ತದೆ. ಮೊದಲ ದಿನದ ನೀರಿನ ಪ್ರಮಾಣ, ಆಂಪಿಯರ್ ಎರಡನ್ನೂ ಪ್ಯಾನೆಲ್ ಬಾಗಿಲ ಒಳಗೆ ಬರೆದಿಡಿ. ತಿಂಗಳಿಗೊಮ್ಮೆ ಹೋಲಿಸಿ. ನೀರು ಇಳಿಯುತ್ತಾ ಬಂದರೆ ಸವೆತವೋ, ಅಂತರ್ಜಲ ಕೆಳಗೆ ಹೋಯಿತೋ ನೋಡಿ, ಮೋಟರ್ ಸುಡುವ ತನಕ ಕಾಯಬೇಡಿ.

ಮೋಟರ್ ಸುಡುವುದಕ್ಕೆ ದೊಡ್ಡ ಕಾರಣ ಮೂರು ಫೇಸಿನಲ್ಲಿ ಒಂದು ಹೋಗುವುದು. ಉಳಿದ ಎರಡು ಫೇಸಿನ ಕರೆಂಟ್ ಸುಮಾರು 1.7 ಪಟ್ಟು ಏರುತ್ತದೆ. ಫೇಸ್ ಪೂರ್ತಿ ಹೋಗಬೇಕೆಂದೂ ಇಲ್ಲ. ಮೂರು ಫೇಸಿನ ವೋಲ್ಟೇಜಿನಲ್ಲಿ ಶೇ. 1ರಷ್ಟು ವ್ಯತ್ಯಾಸ ಇದ್ದರೆ ಕರೆಂಟಿನಲ್ಲಿ ಅದರ ಆರರಿಂದ ಹತ್ತು ಪಟ್ಟು ವ್ಯತ್ಯಾಸ ಬರುತ್ತದೆ. ಸಿಂಗಲ್ ಫೇಸಿಂಗ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ) ಇಲ್ಲದೆ ಮೋಟರ್ ಓಡಿಸಲೇಬೇಡಿ. ಎರಡೇ ಫೇಸ್ ಇರುವ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಮೋಟರ್ ಓಡಿಸುವುದು ನಿಮ್ಮ ಮೋಟರಿಗೂ ಕೆಟ್ಟದ್ದು, ಟಿಸಿಯ ಮೇಲೆ ಒಂದು ಕಡೆಯ ಭಾರ ಹಾಕುವುದರಿಂದ ಊರಿಗೂ ಕೆಟ್ಟದ್ದು. ನೀರಿನ ತುರ್ತು ನನಗೆ ಅರ್ಥವಾಗುತ್ತದೆ, ಆದರೂ ಹೇಳಲೇಬೇಕು.

ಟಿಸಿ ಸುಡುವುದಕ್ಕೆ ಇನ್ನೊಂದು ಕಾರಣ ಆಟೊ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ಒಂದೇ ಟಿಸಿಯ ಎಲ್ಲಾ ಮೋಟರುಗಳು ಒಟ್ಟಿಗೆ ಶುರುವಾಗುತ್ತವೆ. ಶುರುವಾಗುವಾಗ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. 63 ಕೆವಿಎ ಟಿಸಿ ಇದನ್ನು ದಿನಾ ತಡೆಯುವುದು ಕಷ್ಟ. ಒಬ್ಬೊಬ್ಬರು ಒಂದೊಂದು ನಿಮಿಷ ಬಿಟ್ಟು ಶುರುವಾಗುವಂತೆ ಟೈಮರ್ ಹಾಕಿಸಿದರೆ ಖರ್ಚು ಕಡಿಮೆ, ಲಾಭ ಎಲ್ಲರಿಗೂ. ಟಿಸಿ ಹಂಚಿಕೊಂಡಿರುವ ರೈತರು ಒಂದು ಸಂಜೆ ಕೂತು ಮಾತಾಡಿದರೆ ಆಗುವ ಕೆಲಸ.

ಇನ್ನು ನೀವು ಕೇಳಿದ್ದರ ನೇರ ಉತ್ತರ. 400 ಕೆವಿ ಸಬ್‌ಸ್ಟೇಷನ್ನಿಗೆ ಸೆಕೆಂಡಿಗೆ 50 ಸಲ ನೋಡುವ ಕಣ್ಣು ಇಟ್ಟಿದ್ದೇವೆ, ಹೊಲದ ಟಿಸಿಯನ್ನು ಬಹಳ ಕಡೆ ತಿಂಗಳಿಗೊಮ್ಮೆಯೂ ಯಾರೂ ನೋಡುವುದಿಲ್ಲ. ಇದು ತಪ್ಪು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಟಿಸಿಗೆ ಪಿಎಂಯು ಬೇಕಿಲ್ಲ. ಮೂರು ಫೇಸಿನ ಕರೆಂಟು, ಎಣ್ಣೆಯ ಬಿಸಿ, ಎಣ್ಣೆಯ ಮಟ್ಟ, ಇಷ್ಟನ್ನು ಕಾಲು ಗಂಟೆಗೊಮ್ಮೆ ಮೊಬೈಲ್ ನೆಟ್‌ವರ್ಕಿನಲ್ಲಿ ಕಳಿಸುವ ಪೆಟ್ಟಿಗೆ ಸಾಕು. ತಂತ್ರಜ್ಞಾನ ಕಷ್ಟದ್ದಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಇದನ್ನು ಮಾಡಿದ ಹುಡುಗ ಹುಡುಗಿಯರು ಎಷ್ಟೋ ಜನ ಸಿಗುತ್ತಾರೆ. ಉಳಿದಿರುವುದು ಅದನ್ನು ಕಂಬಕ್ಕೆ ಏರಿಸುವ, ಬಂದ ಅಂಕಿಯನ್ನು ನೋಡುವ, ನೋಡಿದ ಮೇಲೆ ಲೈನ್‌ಮನ್ ಕಳಿಸುವ ತೀರ್ಮಾನ.

ಅಲ್ಲಿಯ ತನಕ ನೀವೇ ದೂರ ನಿಂತು ಎರಡು ವಿಷಯ ನೋಡಬಹುದು. ಟಿಸಿಗೆ ಜೋಡಿಸಿದ ಸಣ್ಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇದ್ದರೆ ಅದರ ಬಣ್ಣ ನೀಲಿ ಇರಬೇಕು, ಗುಲಾಬಿಯಾದರೆ ತೇವ ಒಳಗೆ ಹೋಗುತ್ತಿದೆ. ಎಣ್ಣೆ ಸೋರಿದ ಕಲೆ ಇದ್ದರೆ ಅದನ್ನೂ ನೋಡಿ. ಹತ್ತಬೇಡಿ, ಮುಟ್ಟಬೇಡಿ, ಫ್ಯೂಸ್ ನೀವೇ ಹಾಕಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಟಿಸಿ ಕಂಬದ ಮೇಲೆ ಬರೆದಿರುವ ನಂಬರ್ ಹೇಳಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಟಿಸಿ ಸುಟ್ಟ ಮೇಲೆ ಮಾತ್ರ ದೂರು ಕೊಡಬೇಕು ಅಂತೇನಿಲ್ಲ, ಜೆಲ್ ಬಣ್ಣ ಬದಲಾಗಿದೆ ಅಂತಲೂ ಕೊಡಬಹುದು.